ಪುಟ್ಟ ಕ್ಯಾಮರಾದ ಶಿಲ್ಪಿ ಓಸ್ಕರ್ ಬಾರ್ನಾಕ್

ಮಂಗಳೂರಿನ ಹಳೆಯ ಮನೆಗಳ ಮಾಡಿನಿಂದ ಹಂಚೊಂದನ್ನು ಇಳಿಸಿ ಮಗುಚಿ ನೋಡಿದರೆ ಅದರ ಮೈಮೇಲೆ ಅಚ್ಚೊತ್ತಿದ ಕಾರ್ಖಾನೆಯ ಹೆಸರು ಕಾಣಸಿಗುತ್ತದೆ. 1865ರಲ್ಲಿ ಬಾಸೆಲ್ ಮಿಶನ್ನಿನವರು ಈ ಊರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನಮ್ಮ ನದೀತೀರದ ಮಣ್ಣು ಹೆಸರು ಹೊತ್ತು ಕಡಲು ದಾಟಿ ಹೋಯಿತು. ಹಂಚನ್ನು ಕೊಳ್ಳುವವನಿಗೆ ಮಣ್ಣಿನ ಹದವನ್ನಾಗಲಿ, ಆವಿಗೆಯ ಬೆಂಕಿಯನ್ನಾಗಲಿ ಪರೀಕ್ಷಿಸುವ ಅವಕಾಶವಿಲ್ಲ. ನಾಲ್ಕಾರು ಮಳೆಗಾಲ ಕಳೆದ ಮೇಲಲ್ಲವೆ ಅದರ ಗುಣ ತಿಳಿಯುವುದು? ಆದಕಾರಣ ಅವನು ಹೆಸರನ್ನು ನಂಬಿ ಹಣವನ್ನು ಎಣಿಸಿಕೊಡುತ್ತಾನೆ. ವಸ್ತುವಿನ ಬೆಲೆಯಲ್ಲಿ ಒಂದು ಪಾಲು ಹೀಗೆ ನಂಬಿಕೆಯ ಬೆಲೆಯಾಗಿರುತ್ತದೆ.

ಇಂದು ಛಾಯಾಗ್ರಹಣದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಯೊಬ್ಬನು ಮಸೂರಗಳನ್ನು ಬದಲಾಯಿಸಬಹುದಾದ ಪುಟ್ಟ ಕ್ಯಾಮರಾವೊಂದನ್ನು ಕೊಳ್ಳಹೊರಟರೆ ಇದೇ ಸಮಸ್ಯೆ ಅವನೆದುರು ಬಂದು ನಿಲ್ಲುತ್ತದೆ. ನೋಟಕ್ಕೆ ಒಂದೇ ಬಗೆಯ ಎರಡು ಯಂತ್ರಗಳು. ಒಂದರ ಬೆಲೆ ಇನ್ನೊಂದರ ಹಲವು ಪಟ್ಟು. ಅಂಗೈಯಲ್ಲಿ ಅಡಗುವ ಮಸೂರಕ್ಕೆ ಕ್ಯಾಮರಾದ ಒಡಲಿಗಿಂತಲೂ ಹೆಚ್ಚಿನ ಕ್ರಯ. ಈ ಹಣವು ಗಾಜಿಗೆ ಸಲ್ಲುವುದೋ, ಕುಶಲಕರ್ಮಕ್ಕೆ ಸಲ್ಲುವುದೋ, ಬರಿಯ ಹೆಸರಿಗೆ ಸಲ್ಲುವುದೋ? ಈ ಪ್ರಶ್ನೆಗೆ ಉತ್ತರವನ್ನು ಅರಸುವವರು ಇಂತಹ ಯಂತ್ರವನ್ನು ಮೊತ್ತಮೊದಲು ರೂಪಿಸಿದ ಮನುಷ್ಯನ ಬಾಳನ್ನು ಒಮ್ಮೆ ನೋಡುವುದು ಒಳ್ಳೆಯದು. ಅವನೇ ಜರ್ಮನಿಯ ಓಸ್ಕರ್ ಬಾರ್ನಾಕ್. ಆತನು ನಿರ್ಮಿಸಿದ ಕ್ಯಾಮರಾವನ್ನು ಲೋಕವು ಲೈಕಾ ಎಂಬ ಹೆಸರಿನಿಂದ ಬಲ್ಲುದು.

ಬಾರ್ನಾಕ್ ಹುಟ್ಟಿದುದು 1879ನೆಯ ಇಸವಿಯ ನವೆಂಬರ್ 1ರಂದು, ಬರ್ಲಿನ್ನಿಗೆ ತೆಂಕಣದ ಬ್ರಾಂಡೆನ್‌ಬುರ್ಗ್ ಸೀಮೆಯ ಲಿನೋ ಎಂಬ ಹಳ್ಳಿಯಲ್ಲಿ. ದೊಡ್ಡ ವಿದ್ಯಾಲಯದ ಶಿಕ್ಷಣವು ಆತನಿಗೆ ಲಭಿಸಲಿಲ್ಲ. ಶಾಲೆಯ ಓದು ಮುಗಿದೊಡನೆ ಬರ್ಲಿನ್ನಿನ ಬಳಿಯ ಲಿಖ್ಟರ್‌ಫೆಲ್ಡೆಯಲ್ಲಿ ಖಗೋಳ ವೀಕ್ಷಣೆಯ ಉಪಕರಣಗಳನ್ನು ಮಾಡುವ ಯಂತ್ರಕಾರನೊಬ್ಬನ ಕೈಕೆಳಗೆ ಅಭ್ಯಾಸಿಯಾಗಿ ಸೇರಿದನು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಹೊರಬಂದಾಗ ಬಾರ್ನಾಕ್ ಹದಿನಾಲ್ಕು ದಾಟಿ ಹದಿನೈದಕ್ಕೆ ಕಾಲಿಡುತ್ತಿದ್ದ ಹುಡುಗ. ಒಬ್ಬ ಜರ್ಮನನು ಕನ್ನಡದ ಪದಗಳನ್ನು ಒಂದೊಂದಾಗಿ ಆಯ್ದು ಜೋಡಿಸಿ ಮುಗಿಸಿದ ಕಾಲದಲ್ಲಿ ಇನ್ನೊಬ್ಬನು ಲೋಹದ ತುಣುಕುಗಳನ್ನು ಕೂದಲೆಳೆಯ ತಪ್ಪಿಲ್ಲದಂತೆ ಉಜ್ಜುವುದನ್ನು ಕಲಿಯತೊಡಗಿದ್ದನು. ಕಸುಬು ಕಲಿತ ಮೇಲೆ ಆ ದೇಶದ ಹಳೆಯ ಪದ್ಧತಿಯಂತೆ ಊರಿಂದೂರಿಗೆ ಸಂಚರಿಸುತ್ತ, ಸ್ಯಾಕ್ಸನಿ, ವಿಯೆನ್ನಾ, ಟಿರೋಲ್‌ಗಳಲ್ಲಿ ದುಡಿದು, 1902ರಲ್ಲಿ ಯೇನಾ ನಗರದ ಕಾರ್ಲ್ ಜೈಸ್ ಸಂಸ್ಥೆಯಲ್ಲಿ ನೆಲೆನಿಂತನು.

1846ರಲ್ಲಿ ಕಾರ್ಲ್ ಜೈಸನು ಸಣ್ಣ ಕಾರ್ಯಾಗಾರವಾಗಿ ಆರಂಭಿಸಿದ ಆ ಸಂಸ್ಥೆಯು ಅಷ್ಟರಲ್ಲಿ ದೇಶವಿದೇಶಗಳಲ್ಲಿ ಕೀರ್ತಿ ಪಡೆದಿದ್ದಿತು. ಅರ್ನ್ಸ್ಟ್ ಆಬೆಯ ಗಣಿತ, ಓಟೋ ಶಾಟ್‌ನ ಗಾಜು, ಜೈಸನ ಕೈಗೆಲಸ ಈ ಮೂರೂ ಕೂಡಿ ಬಂದುದರಿಂದ ಒದಗಿದ ಕೀರ್ತಿ ಅದು. ಬಾರ್ನಾಕನಿಗೆ ಅಲ್ಲಿ ಕೆಲಸ ಹಿಡಿಸಿತು. ಆದರೆ ದೇಹವು ಸಹಕರಿಸಲಿಲ್ಲ. ಆತನಿಗೆ ಉಬ್ಬಸದ ಬಾಧೆ. ಬಿಡುವಿನ ದಿನಗಳಲ್ಲಿ ಥುರಿಂಗಿಯಾದ ಕಾಡುಗುಡ್ಡಗಳನ್ನು ಸುತ್ತಿ ಚಿತ್ರ ತೆಗೆಯುವ ಹವ್ಯಾಸವೂ ಇದ್ದಿತು. ಆ ಕಾಲದ ಕ್ಯಾಮರಾ ಎಂದರೆ ಮರದ ಪೆಟ್ಟಿಗೆ, ಹದಿಮೂರು ಸೆಂಟಿಮೀಟರ್ ಅಗಲ ಹದಿನೆಂಟು ಸೆಂಟಿಮೀಟರ್ ಉದ್ದದ ಗಾಜಿನ ಫಲಕಗಳು, ಅವುಗಳ ಒರೆಗಳು, ಮೂರು ಕಾಲಿನ ನಿಲುವು. ಇಷ್ಟನ್ನೂ ಚರ್ಮದ ಚೀಲದಲ್ಲಿ ಹೊತ್ತು ಏರು ಹತ್ತುವಾಗ ಉಸಿರು ಸಿಕ್ಕಿಕೊಳ್ಳುತ್ತಿದ್ದಿತು. ಗಟ್ಟಿಮುಟ್ಟಾದ ಆಳಾಗಿದ್ದರೆ ಆತನು ಆ ಹೊರೆಯನ್ನು ಸಹಿಸಿಕೊಂಡು ಸುಮ್ಮನಿರುತ್ತಿದ್ದನೋ ಏನೋ. ದುರ್ಬಲವಾದ ಎದೆಗೂಡು ಆತನನ್ನು ಚಿಂತನೆಗೆ ಹಚ್ಚಿತು. ಚಿಕ್ಕದಾಗಿ ತೆಗೆದು ದೊಡ್ಡದಾಗಿ ಮಾಡಿದರೆ ಆಗದೆ ಎಂಬುದೇ ಆ ಚಿಂತನೆಯ ತಿರುಳು. ಒಂದೇ ಗಾಜಿನ ಫಲಕದ ಮೇಲೆ ಹದಿನೈದು ಇಪ್ಪತ್ತು ಸಣ್ಣ ಚಿತ್ರಗಳನ್ನು ಮೂಡಿಸುವ ಪ್ರಯೋಗವನ್ನು ಆತನು ಯೇನಾದಲ್ಲೇ ಮಾಡಿನೋಡಿದನು. ಫಲಕದ ಮೇಲಿನ ಲೇಪದ ಕಣಗಳು ದಪ್ಪವಾಗಿದ್ದುದರಿಂದ ದೊಡ್ಡದು ಮಾಡಿದಾಗ ಚಿತ್ರಗಳು ಒರಟಾದವು. ಪ್ರಯೋಗವು ಕೈಗೂಡಲಿಲ್ಲ, ಆಲೋಚನೆ ಮಾತ್ರ ಆತನನ್ನು ಬಿಡಲಿಲ್ಲ.

ಎಮಿಲ್ ಮೆಖೌ ಎಂಬ ಗೆಳೆಯನು ಜೈಸ್ ಸಂಸ್ಥೆಯನ್ನು ಬಿಟ್ಟು ವೆಟ್ಸ್ಲಾರ್ ಪಟ್ಟಣದ ಲೈಟ್ಸ್ ಕಾರ್ಖಾನೆಗೆ ಸೇರಿದ್ದನು. ಅವನ ಶಿಫಾರಸಿನಿಂದ ಬಾರ್ನಾಕ್ 1911ರ ಆರಂಭದಲ್ಲಿ ಅಲ್ಲಿಯ ಪ್ರಯೋಗ ವಿಭಾಗದ ಮುಖ್ಯಸ್ಥನಾಗಿ ಹೋದನು. ಲಾನ್ ನದಿಯ ದಂಡೆಯ ವೆಟ್ಸ್ಲಾರ್ ಸಾಹಿತ್ಯಾಭ್ಯಾಸಿಗಳಿಗೆ ಅಪರಿಚಿತವಾದ ಊರಲ್ಲ. ನಮ್ಮ ಶಾಕುಂತಲವನ್ನು ಮೆಚ್ಚಿ ಹಾಡಿದ ಗಯಟೆಯು ಯೌವನದಲ್ಲಿ, 1772ರ ಬೇಸಗೆಯಲ್ಲಿ, ಅಲ್ಲಿಯ ನ್ಯಾಯಾಲಯದಲ್ಲಿ ಅನುಭವ ಪಡೆಯಲು ಬಂದು ಪ್ರೇಮದ ಬೇಗೆಯನ್ನು ಅನುಭವಿಸಿದನು. ವೆರ್ಥರನ ಕಥೆಗೆ ಬೀಜ ಬಿದ್ದುದು ಆ ಬೀದಿಗಳಲ್ಲಿ. ಅದೇ ಊರಿನಲ್ಲಿ ಲೈಟ್ಸ್ ಮನೆತನವು ಸೂಕ್ಷ್ಮದರ್ಶಕಗಳನ್ನು ತಯಾರಿಸಿ ಹೆಸರುವಾಸಿಯಾಗಿದ್ದಿತು. ವೈದ್ಯರೂ ವಿಜ್ಞಾನಿಗಳೂ ಆ ಸೂಕ್ಷ್ಮದರ್ಶಕವನ್ನು ಕಣ್ಣುಮುಚ್ಚಿ ನಂಬುತ್ತಿದ್ದರು. ಕ್ಯಾಮರಾ ವ್ಯಾಪಾರಕ್ಕೂ ಆ ಮನೆತನಕ್ಕೂ ಅಂದು ಹೇಳಿಕೊಳ್ಳುವಂತಹ ಸಂಬಂಧವಿರಲಿಲ್ಲ.

ಬಾರ್ನಾಕನಿಗೆ ಅಲ್ಲಿ ವಹಿಸಿದ ಕೆಲಸಗಳಲ್ಲಿ ಚಲಚ್ಚಿತ್ರದ ಯಂತ್ರಗಳ ಪ್ರಯೋಗವೂ ಒಂದು. ಆ ಮೂಲಕ 35 ಮಿಲಿಮೀಟರ್ ಅಗಲದ ಚಲಚ್ಚಿತ್ರದ ಫಿಲ್ಮ್ ಆತನ ಕೈಗೆ ಬಂದಿತು. ಅದರಲ್ಲಿ ಒಂದೊಂದು ಚಿತ್ರದ ಅಳತೆ 18ಕ್ಕೆ 24 ಮಿಲಿಮೀಟರ್. ಫಿಲ್ಮು ಮೇಲಿನಿಂದ ಕೆಳಕ್ಕೆ ಓಡುವುದು ರೂಢಿ. ಬಾರ್ನಾಕ್ ಅದನ್ನು ಅಡ್ಡಲಾಗಿ ಮಲಗಿಸಿ, ಎರಡು ಚಿತ್ರಗಳ ಜಾಗವನ್ನು ಒಂದೇ ಚಿತ್ರಕ್ಕೆ ಕೊಟ್ಟನು. ಹೀಗೆ 24ಕ್ಕೆ 36 ಮಿಲಿಮೀಟರಿನ ಚೌಕಟ್ಟು ಹುಟ್ಟಿತು. 1914ರ ಹೊತ್ತಿಗೆ ಲೋಹದ ಒಡಲಿನ, ಕೋಟಿನ ಜೇಬಿನಲ್ಲಿ ಹಿಡಿಸುವ ಯಂತ್ರವೊಂದು ಸಿದ್ಧವಾಗಿದ್ದಿತು. ಫಿಲ್ಮನ್ನು ಮುಂದಕ್ಕೆ ತಿರುಗಿಸಿದೊಡನೆ ಪರದೆಯ ಬಿಗಿಯೂ ತಾನಾಗಿ ಸಿದ್ಧವಾಗುವಂತೆ ಆತನು ಎರಡನ್ನೂ ಜೋಡಿಸಿದ್ದನು. ಅದರಿಂದ ಒಂದು ಚಿತ್ರದ ಮೇಲೆ ಇನ್ನೊಂದು ಬೀಳುವ ಪ್ರಮಾದ ತಪ್ಪಿತು. ಇಂದಿಗೂ ಬೆಲೆಬಾಳುವ ಡಿಜಿಟಲ್ ಕ್ಯಾಮರಾಗಳನ್ನು ಫುಲ್ ಫ್ರೇಮ್ ಎಂದು ಕರೆಯುವುದು ಈ ಚೌಕಟ್ಟಿನ ಅಳತೆಯಿಂದಲೇ. ಫಿಲ್ಮು ಬಹುಮಟ್ಟಿಗೆ ಮರೆಯಾದರೂ ಬಾರ್ನಾಕನ ಅಳತೆಗೋಲು ಉಳಿದುಕೊಂಡಿದೆ.

ಸಂಸ್ಥೆಯ ಎರಡನೆಯ ಅರ್ನ್ಸ್ಟ್ ಲೈಟ್ಸನು 1914ರಲ್ಲಿ ಅಮೆರಿಕಕ್ಕೆ ಹೋಗುವಾಗ ಈ ಯಂತ್ರವನ್ನು ಒಯ್ದು ನ್ಯೂಯಾರ್ಕಿನ ಬೀದಿಗಳ ಚಿತ್ರಗಳನ್ನು ತೆಗೆದು ತಂದನು. ಬಳಿಕ ಮಹಾಯುದ್ಧ ಬಂದಿತು; ಎಲ್ಲವೂ ನಿಂತಿತು. ಬಾರ್ನಾಕ್ ಮಾತ್ರ ತನ್ನ ಪುಟ್ಟ ಯಂತ್ರವನ್ನು ಕೈಬಿಡಲಿಲ್ಲ. 1920ರಲ್ಲಿ ಲಾನ್ ನದಿಯ ನೆರೆ ವೆಟ್ಸ್ಲಾರಿಗೆ ನುಗ್ಗಿದಾಗ ಆತನು ಬೀದಿಯಲ್ಲಿ ನಿಂತು ಅದರ ಚಿತ್ರಗಳನ್ನು ತೆಗೆದನು. ಹಗುರವಾದ ಕ್ಯಾಮರಾವನ್ನು ಹಿಡಿದು ಘಟನೆಯ ನಡುವೆ ಹೋಗಿ ನಿಲ್ಲುವ ಇಂದಿನ ಪತ್ರಿಕಾ ಛಾಯಾಗ್ರಹಣದ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು. 1923ರಲ್ಲಿ ಸುಮಾರು ಎರಡು ಡಜನ್ ಯಂತ್ರಗಳನ್ನು ಪರೀಕ್ಷಾರ್ಥವಾಗಿ ತಯಾರಿಸಿ ಬಲ್ಲವರಿಗೂ ವ್ಯಾಪಾರಿಗಳಿಗೂ ಕೊಡಲಾಯಿತು. ಅವರ ಅಭಿಪ್ರಾಯಗಳು ಉತ್ಸಾಹ ತರುವಂತಿರಲಿಲ್ಲ. ಹೆಬ್ಬೆರಳುಗಾತ್ರದ ಫಿಲ್ಮಿನಿಂದ ಗಂಭೀರವಾದ ಚಿತ್ರ ಹೊರಡುವುದೆಂದು ನಂಬಲು ಹಲವರು ಸಿದ್ಧರಿರಲಿಲ್ಲ.

ಇಲ್ಲಿ ಆ ಕಾಲದ ಪರಿಸ್ಥಿತಿಯನ್ನು ನೆನೆಯಬೇಕು. 1923ರ ನವೆಂಬರಿನಲ್ಲಿ ಅಮೆರಿಕದ ಒಂದು ಡಾಲರಿಗೆ ಜರ್ಮನಿಯ 4.2 ಲಕ್ಷ ಕೋಟಿ ಮಾರ್ಕುಗಳನ್ನು ಕೊಡಬೇಕಾಗಿದ್ದಿತು. ಬೆಲೆ ಎಂಬ ಪದಕ್ಕೇ ಅರ್ಥವಿಲ್ಲದಂತಾಗಿದ್ದ ಕಾಲ. ಹೊಸ ನಾಣ್ಯ ಬಂದು ವ್ಯವಹಾರ ಸರಿಹೋಗುವಷ್ಟರಲ್ಲಿ ಕೊಳ್ಳುವವರ ಕೈ ಬರಿದಾಗಿದ್ದಿತು, ಕಾರ್ಖಾನೆಗಳಿಗೆ ಕೆಲಸವಿರಲಿಲ್ಲ. ಇಂತಹ ಹೊತ್ತಿನಲ್ಲಿ, 1924ರ ಜೂನ್ ತಿಂಗಳಲ್ಲಿ, ಲೈಟ್ಸನು ತನ್ನ ಅಧಿಕಾರಿಗಳನ್ನು ಕರೆದು ಈ ಕ್ಯಾಮರಾವನ್ನು ಮಾಡುವುದೋ ಬಿಡುವುದೋ ಎಂದು ವಿಚಾರಿಸಿದನು. ಬೇಡವೆಂಬವರ ವಾದವು ಬಲವಾಗಿಯೇ ಇದ್ದಿತು. ಸಂಸ್ಥೆಗೆ ಈ ವ್ಯಾಪಾರದ ಅನುಭವವಿಲ್ಲ. ಯಂತ್ರಗಳಿಗೆ ಹಣ ಹೂಡಬೇಕು. ಮಾರಾಟವಾಗದಿದ್ದರೆ ನಷ್ಟದ ಜೊತೆಗೆ ಸೂಕ್ಷ್ಮದರ್ಶಕದಿಂದ ಗಳಿಸಿದ ಒಳ್ಳೆಯ ಹೆಸರಿಗೂ ಕುಂದು. ಎಲ್ಲರ ಮಾತನ್ನೂ ಕೇಳಿದ ಮೇಲೆ ಲೈಟ್ಸನು ಅಪಾಯವನ್ನು ತಾನೇ ವಹಿಸಿಕೊಂಡು ಮಾಡುವುದೆಂದು ತೀರ್ಮಾನಿಸಿದನು. ಬಾರ್ನಾಕನ ಕೌಶಲದ ಮೇಲಿನ ಭರವಸೆ ಒಂದು ಕಡೆ, ಕೆಲಸವಿಲ್ಲದೆ ಕುಳಿತ ಕಾರ್ಮಿಕರ ಕೈಗೆ ಕೆಲಸ ಕೊಡಬೇಕೆಂಬ ಹಂಬಲ ಇನ್ನೊಂದು ಕಡೆ. ತೀರ್ಮಾನವು ತಪ್ಪಿದ್ದರೆ ಅನೇಕ ಮನೆಗಳ ಒಲೆ ಆರುತ್ತಿದ್ದಿತು.

ಚಿಕ್ಕ ಫಿಲ್ಮಿನ ಚಿತ್ರವನ್ನು ದೊಡ್ಡದು ಮಾಡಬೇಕಾದರೆ ಮಸೂರದಲ್ಲಿ ಲೋಪವಿರಕೂಡದು. ಆ ಹೊಣೆಯನ್ನು ಹೊತ್ತವನು ಅದೇ ಸಂಸ್ಥೆಯ ವಿಜ್ಞಾನಿ ಮ್ಯಾಕ್ಸ್ ಬೆರೆಕ್. ಆತನು ಲೆಕ್ಕಹಾಕಿ ರೂಪಿಸಿದ 50 ಮಿಲಿಮೀಟರ್ ನಾಭಿದೂರದ ಮಸೂರವು ಸೂಕ್ಷ್ಮದರ್ಶಕದ ಮನೆತನಕ್ಕೆ ತಕ್ಕಂತೆ ಹರಿತವಾಗಿದ್ದಿತು. 1925ರ ವಸಂತಕಾಲದ ಲೈಪ್ಸಿಗ್ ಜಾತ್ರೆಯಲ್ಲಿ ಕ್ಯಾಮರಾ ಜನರೆದುರು ಬಂದಿತು. ಲೈಟ್ಸ್ ಮತ್ತು ಕ್ಯಾಮರಾ ಎಂಬೆರಡು ಪದಗಳ ಮೊದಲ ಅಕ್ಷರಗಳನ್ನು ಕೂಡಿಸಿ ಅದಕ್ಕೆ ಲೈಕಾ ಎಂದು ಹೆಸರಿಟ್ಟರು. ಆ ವರ್ಷ ತಯಾರಾದ ಯಂತ್ರಗಳು ಸಾವಿರಕ್ಕೂ ಕಡಿಮೆ. 1932ರ ಹೊತ್ತಿಗೆ ಆ ಸಂಖ್ಯೆ ಎಪ್ಪತ್ತು ಸಾವಿರವನ್ನು ಮುಟ್ಟಿದ್ದಿತು. ಆಟಿಕೆ ಎಂದು ಮೂಗು ಮುರಿದವರಿಗೆ ಫ್ರಾಂಕ್‌ಫುರ್ಟಿನ ಡಾಕ್ಟರ್ ಪೌಲ್ ವೋಲ್ಫನಂತಹವರ ದೊಡ್ಡ ದೊಡ್ಡ ಚಿತ್ರಗಳೇ ಉತ್ತರವಾದವು. ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸೊನನು 1932ರಲ್ಲಿ ಲೈಕಾವನ್ನು ಕೈಗೆತ್ತಿಕೊಂಡನು. 1948ರ ಜನವರಿಯಲ್ಲಿ ಗಾಂಧೀಜಿಯವರ ಕೊನೆಯ ದಿನಗಳನ್ನೂ ಅವರ ಅಂತ್ಯಯಾತ್ರೆಯನ್ನೂ ಚಿತ್ರಿಸಿದವನು ಆತನೇ.

ಮೊದಲ ಲೈಕಾದ ಮಸೂರವನ್ನು ಕಳಚುವಂತಿರಲಿಲ್ಲ. 1930ರಲ್ಲಿ ತಿರುಪಿನ ಬಾಯಿಯನ್ನು ಅಳವಡಿಸಿ ಮಸೂರವನ್ನು ಬದಲಾಯಿಸುವ ಸೌಕರ್ಯವನ್ನು ಕಲ್ಪಿಸಿದರು. ಆದರೂ ಒಂದು ತೊಡಕಿದ್ದಿತು: ಪ್ರತಿಯೊಂದು ಕ್ಯಾಮರಾಕ್ಕೂ ಅದರದೇ ಮಸೂರಗಳನ್ನು ಕಾರ್ಖಾನೆಯಲ್ಲಿ ಹೊಂದಿಸಬೇಕಾಗುತ್ತಿದ್ದಿತು. 1931ರಲ್ಲಿ ಅಳತೆಯನ್ನು ಒಂದೇ ಸಮನಾಗಿ ನಿಗದಿಗೊಳಿಸಿದ ಮೇಲೆ ಯಾವ ಮಸೂರವಾದರೂ ಯಾವ ಕ್ಯಾಮರಾಕ್ಕಾದರೂ ಕೂಡುವಂತಾಯಿತು. ಇದು ನೋಟಕ್ಕೆ ಸಣ್ಣ ಸಂಗತಿ. ವ್ಯಾಪಾರದ ದೃಷ್ಟಿಯಿಂದ ಬಹು ದೊಡ್ಡದು. ಅಂದಿನಿಂದ ಗಿರಾಕಿಯು ಒಂದು ಯಂತ್ರವನ್ನು ಕೊಳ್ಳುವ ಬದಲು ಒಂದು ಕುಟುಂಬಕ್ಕೆ ಸೇರಿಕೊಂಡನು. ಇಂದು ಒಂದು ಮಸೂರ, ಎರಡು ವರ್ಷದ ಮೇಲೆ ಇನ್ನೊಂದು. ಹಳೆಯ ಲೈಕಾವನ್ನು ಕಾರ್ಖಾನೆಗೆ ಕಳುಹಿಸಿದರೆ ಹೊಸ ಮಾದರಿಯ ಸೌಕರ್ಯಗಳನ್ನು ಅಳವಡಿಸಿ ಹಿಂತಿರುಗಿಸುವ ಏರ್ಪಾಡೂ ಇದ್ದಿತು. ಕೊಂಡವನನ್ನು ನಡುದಾರಿಯಲ್ಲಿ ಕೈಬಿಡುವುದಿಲ್ಲವೆಂಬ ಈ ನಡತೆಯೇ ಲೈಕಾದ ಹೆಚ್ಚಿನ ಬೆಲೆಗೆ ದೊಡ್ಡ ಸಮರ್ಥನೆಯಾಯಿತು. ಕೆಟ್ಟ ಮಸೂರವೊಂದು ಹೊರಬಿದ್ದರೆ ಇಡೀ ಕುಟುಂಬದ ಮರ್ಯಾದೆ ಹೋಗುವ ಭಯವೂ ಕಾರ್ಖಾನೆಗೆ ಸದಾ ಇರಬೇಕಾಯಿತು.

ಸ್ಪರ್ಧೆ ಬರಲು ತಡವಾಗಲಿಲ್ಲ. ಬಾರ್ನಾಕನ ಹಳೆಯ ಮನೆಯಾದ ಜೈಸ್ ಬಳಗದವರೇ 1932ರಲ್ಲಿ ಕಾಂಟ್ಯಾಕ್ಸ್ ಎಂಬ ಕ್ಯಾಮರಾವನ್ನು ತಂದರು. ಅದರ ಲೋಹದ ಪರದೆ, ಥಟ್ಟನೆ ತಿರುಗಿಸಿ ಕೂಡಿಸಬಹುದಾದ ಮಸೂರ, ಮಂದ ಬೆಳಕಿನಲ್ಲಿಯೂ ಚಿತ್ರ ಕೊಡುವ ಸೊನ್ನಾರ್ ಇವೆಲ್ಲ ಲೈಕಾವನ್ನು ಹಿಂದೆ ಹಾಕುವಂತಹವು. ಬಾರ್ನಾಕ್ ಗಾಬರಿಗೊಂಡು ತನ್ನ ಯಂತ್ರದ ಗಾತ್ರವನ್ನು ಹಿಗ್ಗಿಸಲಿಲ್ಲ. ದೂರವನ್ನು ಅಳೆಯುವ ಸಾಧನವನ್ನು ಅದೇ ಪುಟ್ಟ ಒಡಲಿನಲ್ಲಿ ಅಡಗಿಸಿ ಅದೇ ವರ್ಷ ಎರಡನೆಯ ಲೈಕಾವನ್ನೂ, ನಿಧಾನದ ವೇಗಗಳನ್ನು ಸೇರಿಸಿ 1933ರಲ್ಲಿ ಮೂರನೆಯದನ್ನೂ ರೂಪಿಸಿದನು. ಹೊಸತನ್ನು ಸೇರಿಸುವಾಗ ಹಳೆಯ ಗುಣವನ್ನು ಕಳೆಯದಿರುವುದು ಆತನ ಹಾದಿ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ನಮ್ಮ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

1936ರ ಜನವರಿ 16ರಂದು ಬಾಡ್ ನೌಹೈಮ್‌ನಲ್ಲಿ ಬಾರ್ನಾಕ್ ಕಾಲವಾದನು. ಆತನಿಗೆ ಆಗ ಐವತ್ತಾರು ವರ್ಷ. ಕೊನೆಯವರೆಗೂ ಆತನು ಸಂಬಳದ ನೌಕರ. ಕ್ಯಾಮರಾದ ಹೆಸರಿನಲ್ಲಿ ಯಜಮಾನನಿಗೆ ಸ್ಥಾನವಿದ್ದಿತು. ಎಲ್ಮಾಕ್ಸ್ ಎಂಬ ಮಸೂರದ ಹೆಸರಿನಲ್ಲಿ ಯಜಮಾನನ ಜೊತೆಗೆ ಮ್ಯಾಕ್ಸ್ ಬೆರೆಕನಿಗೂ ಸ್ಥಾನ ಸಿಕ್ಕಿತು. ಹೆಕ್ಟರ್ ಎಂಬ ಇನ್ನೊಂದು ಮಸೂರಕ್ಕೆ ಬೆರೆಕನ ನಾಯಿಯ ಹೆಸರನ್ನೇ ಇಟ್ಟರೆಂದು ಹೇಳುತ್ತಾರೆ. ಯಂತ್ರವನ್ನು ಕಲ್ಪಿಸಿ ಕಡೆದವನ ಹೆಸರು ಮಾತ್ರ ಮಾರಾಟದ ಪೆಟ್ಟಿಗೆಯ ಮೇಲೆ ಬರಲಿಲ್ಲ. ಆದರೆ ಜನ ಮರೆಯಲಿಲ್ಲ. ತಿರುಪಿನ ಬಾಯಿಯ ಹಳೆಯ ಲೈಕಾಗಳನ್ನು ಸಂಗ್ರಾಹಕರು ಇಂದಿಗೂ ಬಾರ್ನಾಕ್ ಲೈಕಾ ಎಂದೇ ಕರೆಯುತ್ತಾರೆ. ಆತನು ಹುಟ್ಟಿ ನೂರು ವರ್ಷವಾದ 1979ರಲ್ಲಿ ಆತನ ಹೆಸರಿನ ಛಾಯಾಗ್ರಹಣ ಪ್ರಶಸ್ತಿಯೊಂದನ್ನು ಸ್ಥಾಪಿಸಲಾಯಿತು.

ಆತನ ಬಳಿಕದ ಕಥೆಯು ಬೆಲೆ ಮತ್ತು ಕೀರ್ತಿಗಳ ಸಂಬಂಧವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತದೆ. ಸೋವಿಯತ್ ದೇಶದ ಖಾರ್ಕೋವಿನಲ್ಲಿ 1934ರಿಂದ ಫೆಡ್ ಎಂಬ ಪಡಿಯಚ್ಚು ತಯಾರಾಯಿತು. ಅದೇ ವರ್ಷ ಜಪಾನಿನಲ್ಲಿ ಕರುಣಾದೇವತೆಯಾದ ಕ್ವಾನ್ನೋನಳ ಹೆಸರಿನಲ್ಲಿ ಒಂದು ಮಾದರಿ ಕ್ಯಾಮರಾವನ್ನು ಪ್ರಕಟಿಸಿದರು. ಮುಂದೆ ಕೆನಾನ್ ಎಂದಾದುದು ಅದೇ. ಜಪಾನಿನ ಸರಕೆಂದರೆ ಅಗ್ಗದ ಅನುಕರಣವೆಂಬ ಭಾವನೆ ಆಗ ಹೊರದೇಶಗಳಲ್ಲಿ ಬಲವಾಗಿದ್ದಿತು. 1950ರಲ್ಲಿ ಲೈಫ್ ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಜಪಾನಿನ ನಿಕ್ಕೋರ್ ಮಸೂರಗಳನ್ನು ತನ್ನ ಲೈಕಾಕ್ಕೆ ಜೋಡಿಸಿಕೊಂಡು ಕೊರಿಯದ ಯುದ್ಧಭೂಮಿಗೆ ಹೋದನು. ಆತನು ಕಳುಹಿಸಿದ ಚಿತ್ರಗಳ ಸ್ಪಷ್ಟತೆಯನ್ನು ಕಂಡ ಮೇಲೆ ಆ ಭಾವನೆ ಕರಗತೊಡಗಿತು. ಕೆಲವು ದಶಕಗಳ ತರುವಾಯ ನಮ್ಮ ಕರಾವಳಿಯ ಮನೆಗಳಿಗೆ ಕೊಲ್ಲಿದೇಶಗಳಿಂದ ಮರಳುವವರು ಜಪಾನಿನ ಕ್ಯಾಮರಾಗಳನ್ನು ಹೆಮ್ಮೆಯಿಂದ ತಂದರು. ಅಂದು ಅವನ್ನು ಅಗ್ಗದ ಅನುಕರಣವೆಂದು ಯಾರೂ ಎಣಿಸಲಿಲ್ಲ. ಹೆಸರು ಪಿತ್ರಾರ್ಜಿತ ಆಸ್ತಿಯಂತೆ ತಾನಾಗಿ ಉಳಿಯುವಂತಹುದಲ್ಲವೆಂಬುದಕ್ಕೆ ಲೈಕಾವೂ ಸಾಕ್ಷಿ. ಕಾಲದ ಜೊತೆ ಹೆಜ್ಜೆಹಾಕಲು ತಡಮಾಡಿದ ಆ ಸಂಸ್ಥೆಯು 2005ರ ಸುಮಾರಿಗೆ ದಿವಾಳಿಯ ಹೊಸ್ತಿಲಿಗೆ ಬಂದು, ಹೊಸ ಬಂಡವಾಳದಿಂದ ಚೇತರಿಸಿಕೊಂಡಿತು.

2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸೋನಿಕ್ ಸಂಸ್ಥೆಗಳು ಕೂಡಿ ಕನ್ನಡಿಯಿಲ್ಲದ ಪುಟ್ಟ ಕ್ಯಾಮರಾಗಳ ಹೊಸ ಪದ್ಧತಿಯೊಂದನ್ನು ತಂದವು. ಅದರ ಚೌಕಟ್ಟಿನ ವಿಸ್ತಾರ ಬಾರ್ನಾಕನ ಚೌಕಟ್ಟಿನ ಸುಮಾರು ನಾಲ್ಕನೆಯ ಒಂದು ಪಾಲು. ಹೊರೆಯನ್ನು ಇಳಿಸಬೇಕೆಂಬ ಆತನ ಹಂಬಲವೇ ಅಲ್ಲಿ ಮತ್ತೊಮ್ಮೆ ತಲೆಯೆತ್ತಿತೆನ್ನಬಹುದು. ಆ ಪದ್ಧತಿಗಾಗಿ ಪ್ಯಾನಸೋನಿಕ್‌ನವರು ಮಾರುವ ಕೆಲವು ಮಸೂರಗಳ ಮೇಲೆ ಲೈಕಾ ಎಂಬ ಹೆಸರೇ ಇದೆ. ಅವರು ತಯಾರಿಸಿದ ಸಣ್ಣ ಕ್ಯಾಮರಾಗಳೇ ಅಲ್ಪಸ್ವಲ್ಪ ವ್ಯತ್ಯಾಸದೊಡನೆ ಲೈಕಾದ ಕೆಂಪು ಮುದ್ರೆ ಹೊತ್ತು ಹೆಚ್ಚಿನ ಬೆಲೆಗೆ ಮಾರಾಟವಾದುದೂ ಉಂಟು. ಒಳಗಿನ ಯಂತ್ರ ಬಹುಮಟ್ಟಿಗೆ ಒಂದೇ ಆಗಿರುವಾಗ ಹೆಚ್ಚಿನ ಹಣವು ಯಾವುದಕ್ಕೆ ಸಂದಿತೆಂಬುದನ್ನು ಓದುಗರೇ ಊಹಿಸಬಹುದು. ವಿದ್ಯಾರ್ಥಿಯಾದವನು ಇಷ್ಟನ್ನು ಮನಸ್ಸಿನಲ್ಲಿಡಲಿ: ಕ್ಯಾಮರಾದ ಒಡಲು ಕೆಲವು ವರ್ಷಗಳಲ್ಲಿ ಹಳತಾಗುತ್ತದೆ, ಒಳ್ಳೆಯ ಮಸೂರವು ಬಹುಕಾಲ ಬಾಳುತ್ತದೆ. 1930ರ ದಶಕದ ಎಲ್ಮಾರ್ ಮಸೂರವನ್ನು ಒಂದು ಉಂಗುರದ ಸಹಾಯದಿಂದ ಇಂದಿನ ಪುಟ್ಟ ಡಿಜಿಟಲ್ ಕ್ಯಾಮರಾಕ್ಕೆ ಕೂಡಿಸಿದರೆ ಅದು ಈಗಲೂ ಚಿತ್ರ ಕೊಡುತ್ತದೆ. ಹಣ ಮಿತವಾಗಿರುವವನು ಒಡಲಿಗಿಂತ ಮಸೂರಕ್ಕೆ, ಮುದ್ರೆಗಿಂತ ಕೆಲಸಕ್ಕೆ ಬೆಲೆ ಕೊಟ್ಟರೆ ಮೋಸಹೋಗುವ ಸಂಭವ ಕಡಿಮೆ.

ಕೊನೆಗೆ ಒಂದು ಸಂಗತಿ. 1923ರಲ್ಲಿ ಪರೀಕ್ಷೆಗೆಂದು ಮಾಡಿದ ಆ ಕೆಲವೇ ಯಂತ್ರಗಳಲ್ಲಿ 122ನೆಯ ಸಂಖ್ಯೆಯದು 2018ರಲ್ಲಿ 24 ಲಕ್ಷ ಯೂರೋಗಳಿಗೆ ಹರಾಜಾಯಿತು. 2022ರ ಜೂನ್ ತಿಂಗಳಲ್ಲಿ ವೆಟ್ಸ್ಲಾರಿನಲ್ಲಿ ಅದೇ ಗುಂಪಿನ 105ನೆಯ ಸಂಖ್ಯೆಯ ಯಂತ್ರವು ಹರಾಜಿಗೆ ಬಂದಿತು. ಅದು ಬಾರ್ನಾಕ್ ಸ್ವಂತಕ್ಕೆ ಬಳಸುತ್ತಿದ್ದ ಕ್ಯಾಮರಾ. ಆತನ ಹೆಸರನ್ನು ಅದರ ಮೇಲ್ಭಾಗದಲ್ಲಿ ಕೊರೆಯಲಾಗಿದೆ. ಅದಕ್ಕೆ ಸಂದ ಬೆಲೆ ಒಂದು ಕೋಟಿ 44 ಲಕ್ಷ ಯೂರೋ, ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಮೀರಿದ ಮೊತ್ತ. ಅಲ್ಲಿಯವರೆಗೆ ಲೋಕದಲ್ಲಿ ಯಾವ ಕ್ಯಾಮರಾಕ್ಕೂ ಅಷ್ಟು ಹಣ ಬಂದಿರಲಿಲ್ಲ. ಒಂದೇ ಕಾರ್ಖಾನೆಯಲ್ಲಿ, ಒಂದೇ ವರ್ಷದಲ್ಲಿ, ಒಂದೇ ಲೋಹದಿಂದ ಮಾಡಿದ ಎರಡು ಯಂತ್ರಗಳ ನಡುವೆ ಒಂದು ಕೋಟಿ ಯೂರೋಗಳಿಗೂ ಮಿಕ್ಕಿದ ಅಂತರ. ಉಬ್ಬಸದಿಂದ ಬಳಲುತ್ತ ಗುಡ್ಡ ಹತ್ತಿದ ಒಬ್ಬ ಕೆಲಸಗಾರನ ಹೆಸರಿಗೆ ಲೋಕವು ಕೊಟ್ಟ ಬೆಲೆ ಅದು. ಬದುಕಿದ್ದಾಗ ಆತನು ಆ ಹೆಸರನ್ನು ಮಾರಾಟಕ್ಕಿಟ್ಟವನಲ್ಲ. ಒಳ್ಳೆಯ ಯಂತ್ರವೊಂದನ್ನು ಮಾಡಿಟ್ಟು ಹೋದವನು.